ಪಹಣಿಯ ಹನ್ನೆರಡನೆಯ ಕಾಲಂ

(ಕರಜಗಿಯಲ್ಲಿ ಗಿರಣಿ ಕೆಲಸಗಾರರು, ಅಂಗಡಿಕಾರರು ಮತ್ತು ರೈತರು ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸರಕಾರ ರೈತನಿಗೆ ಏನೇನು ಸಹಾಯಧನ ಕೊಡುತ್ತದೆ ಎಂಬುದನ್ನು ತಿಳಿಸಿ ಹೇಳಬೇಕೆಂದು ತಾವು ನಮ್ಮನ್ನು ಕರೆದಿದ್ದೀರಿ. ಬರಿಯ ಪಟ್ಟಿ ಓದುವುದಾದರೆ ಅದು ಅರ್ಧ ಗಳಿಗೆಯ ಕೆಲಸ. ಪಟ್ಟಿ ಉದ್ದವಾಗಿಯೇ ಇದೆ, ಅದಕ್ಕೆ ಕೊರತೆಯಿಲ್ಲ. ಆದರೆ ಆ ಹಣ ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ಯಾರ ಬಾಗಿಲನ್ನು ದಾಟಿ ಹೋಗುತ್ತದೆ ಎಂಬುದನ್ನು ಕೇಳದೆ ಪಟ್ಟಿ ಓದಿದರೆ ನಾವು ತಮಗೆ ಅರ್ಧ ಸತ್ಯವನ್ನೇ ಹೇಳಿದಂತಾದೀತು.

ಮೊದಲು ಪಟ್ಟಿಯನ್ನೇ ನೋಡೋಣ. ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ಎರಡೆರಡು ಸಾವಿರದ ಮೂರು ಕಂತು. ಲೆಕ್ಕ ಹಾಕಿದರೆ ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. 2019ರಲ್ಲಿ ಆರು ಸಾವಿರ ಎಂದದ್ದು 2025ರಲ್ಲೂ ಆರು ಸಾವಿರವೇ ಆಗಿತ್ತು. ಗೊಬ್ಬರದ ಅಂಗಡಿಯವರು ಮಾತ್ರ ಆರು ವರ್ಷ ಅದೇ ದರದಲ್ಲಿ ಕೂಡಲಿಲ್ಲ. ಇದರ ಮೇಲೆ ರಾಜ್ಯ ಸರಕಾರ ನಾಲ್ಕು ಸಾವಿರ ಕೂಡಿಸಿ ಕೊಡುತ್ತಿತ್ತು, ಅದು 2023ರಲ್ಲಿ ನಿಂತಿತು. ಬೆಳೆವಿಮೆ 2016ರಿಂದ ಇದೆ: ಮುಂಗಾರಿ ಬೆಳೆಗೆ ವಿಮಾ ಮೊತ್ತದ ನೂರಕ್ಕೆ ಎರಡು, ಹಿಂಗಾರಿ ಬೆಳೆಗೆ ಒಂದೂವರೆ ರೈತ ಕಟ್ಟಬೇಕು, ಉಳಿದದ್ದನ್ನು ಎರಡೂ ಸರಕಾರಗಳು ಕಟ್ಟುತ್ತವೆ. ಸಹಕಾರಿ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲ. ಅದರ ಮಿತಿ ಮೂರು ಲಕ್ಷವಿದ್ದುದು 2023ರಲ್ಲಿ ಐದು ಲಕ್ಷವಾಯಿತು. ತೊಗರಿಗೆ ಬೆಂಬಲ ಬೆಲೆ, 2025-26ರ ಹಂಗಾಮಿಗೆ ಕ್ವಿಂಟಲಿಗೆ 8,000 ರೂಪಾಯಿ. ಮಳೆ ಹೆಚ್ಚಾಗಿ, ಹೊಳೆ ಬಂದು ಬೆಳೆ ಹಾಳಾದರೆ ಪರಿಹಾರ. ಕೃಷಿ ಹೊಂಡಕ್ಕೆ, ಹನಿ ನೀರಾವರಿಗೆ, ಯಂತ್ರಗಳಿಗೆ ಸಬ್ಸಿಡಿ.

ಇಷ್ಟೂ ಬಾಗಿಲುಗಳಲ್ಲಿ ಕಾವಲುಗಾರ ಕೇಳುವ ಪ್ರಶ್ನೆ ಒಂದೇ: ಪಹಣಿ ತಂದಿದ್ದೀಯಾ? ಹೊಳೆಯ ಆಚೆ ಇಂಡಿ ಕಡೆಯವರು ಉತಾರ ಎನ್ನುತ್ತಾರೆ, ಈಚೆಯ ನಾವು ಪಹಣಿ ಎನ್ನುತ್ತೇವೆ. ಹೆಸರು ಯಾವುದಾದರೇನು, ಕಾಗದ ಒಂದೇ. ಈಗ ಅದು ಫ್ರೂಟ್ಸ್ ಎಂಬ ಗಣಕಯಂತ್ರದ ದಾಖಲೆಯಲ್ಲಿ ಆಧಾರ್ ನಂಬರಿಗೆ ಗಂಟುಬಿದ್ದು ಕೂತಿದೆ. ಪಹಣಿಯಲ್ಲಿ ಹೆಸರಿದ್ದವನು ರೈತ. ಹೆಸರಿಲ್ಲದವನು, ನೇಗಿಲು ಹೊತ್ತು ಬೆನ್ನು ಬಾಗಿದ್ದರೂ, ರೈತನಲ್ಲ.

ಪಹಣಿಯನ್ನು ತಾವು ಎಂದಾದರೂ ಪೂರ್ತಿ ಓದಿದ್ದೀರೇನು? ಅದರ 9ನೆಯ ಕಾಲಮಿನಲ್ಲಿ ಮಾಲೀಕನ ಹೆಸರು. 11ರಲ್ಲಿ ಸಾಲ, ಬೋಜಾ. 12ನೆಯ ಕಾಲಮಿನಲ್ಲಿ ಸಾಗುವಳಿ ಮಾಡಿದವನ ಹೆಸರು. ಕಾಗದ ಮಾಡಿದವರಿಗೆ ಮಾಲೀಕ ಬೇರೆ, ಸಾಗುವಳಿದಾರ ಬೇರೆ ಇರಬಹುದೆಂಬುದು ಗೊತ್ತಿತ್ತು. ಅದಕ್ಕೆಂದೇ ಎರಡು ಕಾಲಂ ಮಾಡಿದರು. ಆದರೆ ನಮ್ಮ ಸೀಮೆಯ ಪಹಣಿಗಳನ್ನು ತೆಗೆದು ನೋಡಿ: 9ರಲ್ಲಿದ್ದ ಹೆಸರೇ 12ರಲ್ಲೂ ಕೂತಿರುತ್ತದೆ. ಮಾಲೀಕ ಕಲಬುರಗಿಯಲ್ಲಿ ಮನೆ ಕಟ್ಟಿಕೊಂಡು ಇಪ್ಪತ್ತು ವರ್ಷವಾಗಿರಲಿ, ಪುಣೆಯಲ್ಲಿರಲಿ, ಕಾಗದದ ಮೇಲೆ ಅವನೇ ಕುಂಟೆ ಹೊಡೆಯುತ್ತಾನೆ, ಅವನೇ ಕಳೆ ತೆಗೆಯುತ್ತಾನೆ.

ಇದು ಹೇಗಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಮುಗಿಯಿತು. ಮರುವರ್ಷ ಜಾಗೀರುಗಳು ಹೋದವು. 1950ರ ಹೈದರಾಬಾದು ಗೇಣಿ ಕಾಯಿದೆ ರಕ್ಷಿತ ಗೇಣಿದಾರ ಎಂಬ ಹಕ್ಕನ್ನು ಕೊಟ್ಟಿತು. 1951ರಲ್ಲಿ ಅತ್ತ ಮಲೆನಾಡಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಕೊನೆಗೆ 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಬಂತು. ಗೇಣಿದಾರನು ಫಾರಂ 7 ಬರೆದು ಭೂ ನ್ಯಾಯಮಂಡಳಿಯ ಮುಂದೆ ಹೋದರೆ ಜಮೀನು ಅವನದೇ ಆಗುವಂತಾಯಿತು. ಆ ಕಾಯಿದೆ ದೊಡ್ಡದು. ಅದರಿಂದ ಎಷ್ಟೋ ಮನೆಗಳು ಎದ್ದು ನಿಂತವು. ಅದನ್ನು ಹಗುರವಾಗಿ ಆಡುವವರು ನಾವಲ್ಲ. ಆದರೆ ಅದೇ ಕಾಯಿದೆ, ಸೈನಿಕರಂಥ ಕೆಲವರನ್ನು ಬಿಟ್ಟು, ಮುಂದೆ ಯಾರೂ ಜಮೀನನ್ನು ಗೇಣಿಗೆ ಕೊಡಕೂಡದು ಎಂದು ಕಟ್ಟುಮಾಡಿತು. ಗೇಣಿ ಕಾಗದದಲ್ಲಿ ಸತ್ತಿತು, ಹೊಲದಲ್ಲಿ ಬದುಕಿತು. ಪಾಲು ಎಂದರು, ಲಾವಣಿ ಎಂದರು, ಬಾಯಿಮಾತಿನಲ್ಲಿ ನಡೆಸಿದರು. ಸಾಗುವಳಿದಾರನ ಹೆಸರು 12ರಲ್ಲಿ ಬಿದ್ದರೆ ಹೊಲ ಹೋದೀತು ಎಂಬ ಅಂಜಿಕೆ ಮಾಲೀಕನಿಗೆ. ಹೆಸರು ಹಾಕಿಸು ಎಂದರೆ ಮುಂದಿನ ವರ್ಷ ಹೊಲವೇ ಸಿಗದು ಎಂಬ ಅಂಜಿಕೆ ಪಾಲುದಾರನಿಗೆ. ಒಂದು ಮಾತು ಇಲ್ಲಿಯೇ ಸೇರಿಸುತ್ತೇವೆ. 2020ರಲ್ಲಿ ಕಾಯಿದೆಯನ್ನು ತಿದ್ದಿ, ಕೃಷಿಕನಲ್ಲದವನೂ, ಎಷ್ಟೇ ವರಮಾನದವನೂ ಜಮೀನು ಕೊಳ್ಳಬಹುದು ಎಂದು ಮಾಡಿದರು. ಕೊಳ್ಳುವವನಿಗೆ ಬಾಗಿಲು ತೆರೆಯಿತು. ಉಳುವವನ ಹೆಸರು ಬರೆಯುವ ಮಾತು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಮಾಲೀಕ ಎಂದಾಗ ತಾವು ಕಲ್ಲಿನ ವಾಡೆಯಲ್ಲಿ ಕೂತ ಸಾಹುಕಾರನನ್ನೇ ಕಣ್ಣ ಮುಂದೆ ತಂದುಕೊಳ್ಳಬೇಡಿ. ಅಂಥವರೂ ಇದ್ದಾರೆ. ಆದರೆ ಈ ಸಭೆಯಲ್ಲೇ ಕೂತವರಲ್ಲಿ, ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಚೀಲ ಹೊರುವವರಲ್ಲಿ, ಸೊಲ್ಲಾಪುರಕ್ಕೆ ಗಿರಣಿ ಕೆಲಸಕ್ಕೆಂದು ಹೋದವರ ಮಕ್ಕಳಲ್ಲಿ, ಊರಲ್ಲಿ ಮೂರೆಕರೆ, ನಾಲ್ಕೆಕರೆ ಪಾಲಿಗೆ ಕೊಟ್ಟವರು ಎಷ್ಟು ಮಂದಿ ಇಲ್ಲ? ಎರಡು ಸಾವಿರದ ಕಂತು ತಮ್ಮ ಖಾತೆಗೆ ಬೀಳುತ್ತದೆ. ಹೊಲದಲ್ಲಿ ಕಾಕಾನ ಮಗನೋ ನೆರೆಯವನೋ ದುಡಿಯುತ್ತಾನೆ. ಇದು ತಮ್ಮನ್ನು ಚುಚ್ಚಲು ಹೇಳಿದ ಮಾತಲ್ಲ. ತಮ್ಮದೂ ಬಡತನವೇ. ಆದರೆ ಒಬ್ಬ ಬಡವನ ಹಣ ಇನ್ನೊಬ್ಬ ಬಡವನ ಖಾತೆಗೆ ಹೋಗುವಂತೆ ಕಾಗದ ಕಟ್ಟಿದವರು ಯಾರು, ಅದನ್ನು ಕೇಳಬೇಕು. ಇನ್ನು ವಿಧವೆಯರ ಪಾಡು ಬೇರೆ. ಪಹಣಿ ಸತ್ತ ಮಾವನ ಹೆಸರಿನಲ್ಲೇ ಇರುತ್ತದೆ. ಪೌತಿ ಖಾತೆ ಆಗಿರುವುದಿಲ್ಲ. ಗಂಡನೂ ಇಲ್ಲ, ಕಾಗದವೂ ಇಲ್ಲ, ದುಡಿಮೆ ಮಾತ್ರ ಇದೆ.

2025ರ ಸೆಪ್ಟೆಂಬರನ್ನು ನೆನಪು ಮಾಡಿಕೊಳ್ಳಿ. ಮಹಾರಾಷ್ಟ್ರದ ಕಡೆಯಿಂದ ನೀರು ಬಂದು ಭೀಮೆ ತುಂಬಿ ಹರಿಯಿತು, ಮೇಲಿನಿಂದ ಮಳೆಯೂ ಬಿಡಲಿಲ್ಲ. ಎರೆ ಹೊಲದಲ್ಲಿ ನೀರು ನಿಂತರೆ ತೊಗರಿಯ ಬೇರು ಕೊಳೆಯುತ್ತದೆ. ಗಿಡ ನಿಂತಲ್ಲೇ ಹಳದಿಯಾಗಿ ಸಾಯುತ್ತದೆ. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಳೆ ಹೋದರೆ ಒಣಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿನವರೆಗೆ, ಎಂಬುದು ಕೇಂದ್ರದ ನಿಯಮ. ಅದರ ಮೇಲೆ ಇನ್ನೊಂದು 8,500 ಕೊಡುತ್ತೇವೆಂದು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಆ ತಿಂಗಳ ಕೊನೆಗೆ ಘೋಷಿಸಿದರು. ಒಳ್ಳೆಯದೇ ಮಾಡಿದರು. ಈಗ ಐದು ಎಕರೆ ಪಾಲಿಗೆ ಮಾಡಿದವನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಐದು ಎಕರೆ ಎಂದರೆ ಹತ್ತಿರಹತ್ತಿರ ಎರಡು ಹೆಕ್ಟೇರು. ಪರಿಹಾರ 34,000 ರೂಪಾಯಿ. ಬೀಜ ಅವನದು, ಔಷಧಿ ಅರ್ಧ ಅವನದು, ಹೆಂಡತಿ ಮಕ್ಕಳ ಕೂಲಿ ಪೂರ್ತಿ ಅವನದು. ಮೂವತ್ತನಾಲ್ಕು ಸಾವಿರವೂ 9ನೆಯ ಕಾಲಮಿನ ಹೆಸರಿಗೆ ಹೋಗುತ್ತದೆ. ಧರ್ಮವಂತ ಮಾಲೀಕನಾದರೆ ಕರೆದು ಅರ್ಧ ಕೊಟ್ಟಾನು. ಸರಕಾರದ ಪರಿಹಾರ ಒಬ್ಬ ಮಾಲೀಕನ ಧರ್ಮದ ಮೇಲೆ ನಿಲ್ಲಬೇಕೇ?

ಬೆಳೆವಿಮೆಯ ಸಂಗತಿ ಇನ್ನೂ ವಿಚಿತ್ರ. ಅದರ ಕೇಂದ್ರ ನಿಯಮಾವಳಿಯಲ್ಲಿ ಗೇಣಿದಾರರೂ ಪಾಲುದಾರರೂ ವಿಮೆ ಮಾಡಿಸಬಹುದು ಎಂದು ಬರೆದಿದೆ. ಆದರೆ ಅದಕ್ಕೆ ಗೇಣಿಯ ಕರಾರುಪತ್ರ ತರಬೇಕು. ಗೇಣಿಯೇ ನಿಷಿದ್ಧವಾದ ರಾಜ್ಯದಲ್ಲಿ ಕರಾರುಪತ್ರ ಎಲ್ಲಿಂದ ಬರಬೇಕು? ಒಂದು ಕೈ ಬಾಗಿಲು ತೆರೆಯುತ್ತದೆ, ಇನ್ನೊಂದು ಕೈ ಕೀಲಿ ಹಾಕುತ್ತದೆ.

ಅಂಗಡಿಕಾರ ಬಂಧುಗಳು ಇದು ರೈತನ ಗೋಳು, ನಮಗೇನು ಎಂದು ಎದ್ದು ಹೋಗಬಾರದು. ಬಡ್ಡಿಯಿಲ್ಲದ ಸಾಲ ಸಿಗದ ಪಾಲುದಾರ ಎಲ್ಲಿಗೆ ಹೋಗುತ್ತಾನೆ? ಅಡತಿಯವನ ಹತ್ತಿರ ತಿಂಗಳಿಗೆ ನೂರಕ್ಕೆ ಎರಡೋ ಮೂರೋ ರೂಪಾಯಿ ಬಡ್ಡಿಗೆ ತರುತ್ತಾನೆ. ವರ್ಷಕ್ಕೆ ಇಪ್ಪತ್ತನಾಲ್ಕೋ ಮೂವತ್ತಾರೋ ಆಯಿತು. ಉಳಿದದ್ದಕ್ಕೆ ತಮ್ಮ ಅಂಗಡಿಯಲ್ಲಿ ಉದ್ರಿ ಬರೆಸುತ್ತಾನೆ. ರಾಶಿಯಾದಾಗ ಮೊದಲು ಅಡತಿಯವನದು ಚುಕ್ತಾ. ತಮ್ಮ ಉದ್ರಿ ಮುಂದಿನ ಸುಗ್ಗಿಗೆ. ಹೊಳೆ ಬಂದ ವರ್ಷ ಅದೂ ಇಲ್ಲ. ಪರಿಹಾರದ ಹಣ ಪುಣೆಯ ಬ್ಯಾಂಕಿಗೆ ಹೋದರೆ ಕರಜಗಿಯ ಬಾಜಾರದಲ್ಲಿ ಅದರ ಒಂದು ಪೈಸೆಯೂ ತಿರುಗುವುದಿಲ್ಲ. ಉಳುವವನ ಕೈಗೆ ಬಂದ ರೊಕ್ಕ ಮಾತ್ರ ಇಲ್ಲಿಯ ಅಂಗಡಿಗೆ ಬರುತ್ತದೆ: ಬಟ್ಟೆಗೆ, ಎಣ್ಣೆಗೆ, ಮಕ್ಕಳ ಪಾಟಿಪುಸ್ತಕಕ್ಕೆ.

ಬೆಂಬಲ ಬೆಲೆಯ ಕೇಂದ್ರದಲ್ಲಿಯೂ ಇದೇ ಕಥೆ. ಹೆಸರು ನೋಂದಾಯಿಸಲು ಫ್ರೂಟ್ಸ್ ನಂಬರು ಬೇಕು. ಅದಿಲ್ಲದವನು ಪೇಟೆಯ ದರಕ್ಕೆ ಮಾರಬೇಕು. 2021ರಿಂದ ಕೇಂದ್ರ ಸರಕಾರ ಹೊರದೇಶದ ತೊಗರಿಗೆ ಮುಕ್ತವಾಗಿ ದಾರಿ ಬಿಟ್ಟಿತು. 2025ರ ಆರಂಭದಲ್ಲಿ ಕಲಬುರಗಿ ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗಿತ್ತು. ಪಾಲುದಾರನ ತೊಗರಿ ಕಡಿಮೆ ದರಕ್ಕೆ ಹೋಗಿ, ಅದೇ ತೊಗರಿ ಬೇರೊಬ್ಬರ ಪಹಣಿಯ ಮೇಲೆ ಕೇಂದ್ರದ ತಕ್ಕಡಿ ಏರಿದರೆ, ನಡುವಿನ ಲಾಭ ಯಾರದು ಎಂದು ನಾವು ಬಿಡಿಸಿ ಹೇಳಬೇಕಿಲ್ಲ. ಚೀಲ ಹೊತ್ತ ಹಮಾಲ ಬಂಧುಗಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ಇದು ನಮ್ಮ ಬಡ ದೇಶದ ರೋಗವೆಂದು ತಿಳಿಯಬೇಡಿ. ಇಂಗ್ಲಂಡಿನ ಕಥೆ ಕೇಳಿ. ಯುದ್ಧದಲ್ಲಿ ಅನ್ನದ ಬೆಲೆ ತಿಳಿದ ಮೇಲೆ ಅಟ್ಲಿಯವರ ಲೇಬರ್ ಸರಕಾರ 1947ರಲ್ಲಿ ಕೃಷಿ ಕಾಯಿದೆ ತಂದು, ಧಾನ್ಯ, ಹಾಲು, ಆಲೂಗಡ್ಡೆಗಳಿಗೆ ಸರಕಾರವೇ ಖಾತರಿ ಬೆಲೆ ಕೊಡುವುದೆಂದು ಮಾಡಿತು. ಬೆಲೆ ಕೊಟ್ಟರೆ ಸಾಲದು, ಬೆಳೆಯುವವನು ಹೊಲದಲ್ಲಿ ಉಳಿಯಬೇಕು ಎಂದು 1948ರ ಕಾಯಿದೆಯಲ್ಲಿ ಗೇಣಿದಾರನಿಗೆ ಜೀವಮಾನದ ಭದ್ರತೆಯನ್ನೂ ಕೊಟ್ಟಿತು. ಖಾತರಿ ಬೆಲೆ ಬೆಳೆದವನಿಗೆ ಸಿಗುತ್ತದೆ. ಹೊಲ ಯಾರದೆಂದು ಅದು ಕೇಳುವುದಿಲ್ಲ. ಮುಂದೆ ಯುರೋಪಿನ ಒಕ್ಕೂಟದಲ್ಲಿದ್ದಾಗ, 2005ರಿಂದ, ಹೆಕ್ಟೇರಿನ ಲೆಕ್ಕದಲ್ಲಿ ಹಣ ಕೊಡತೊಡಗಿದರು. ದೊಡ್ಡ ಹೊಲದವನಿಗೆ ದೊಡ್ಡ ಹಣ. ಅಷ್ಟರಲ್ಲಿ 1995ರ ಕಾಯಿದೆ ಹೊಸ ಗೇಣಿದಾರರ ಭದ್ರತೆಯನ್ನು ಕಿತ್ತುಹಾಕಿತ್ತು. ಒಕ್ಕೂಟ ಬಿಟ್ಟ ಮೇಲೆ, 2021ರಿಂದ, ಹೆಕ್ಟೇರಿನ ಹಣವನ್ನು ಇಳಿಸುತ್ತ ಬಂದು, ಮಣ್ಣು ನೀರು ಕಾಯುವ ರೈತನಿಗೆ ಸಹಾಯಧನ ಎಂಬ ಹೊಸ ಯೋಜನೆಗಳನ್ನು ತಂದರು. ಅಲ್ಲಿ ಮತ್ತೆ ಗೇಣಿದಾರರು ಬಾಗಿಲಲ್ಲಿ ನಿಂತರು: ಎಷ್ಟೋ ಯೋಜನೆಗಳಿಗೆ ಮಾಲೀಕನ ಒಪ್ಪಿಗೆ ಬೇಕಿತ್ತು. ಇಂಗ್ಲಂಡಿನ ಸಾಗುವಳಿ ಭೂಮಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೇಣಿಯದು. ಈ ಅನ್ಯಾಯವನ್ನು 2022ರಲ್ಲಿ ಕೇಟ್ ರಾಕ್ ಅವರ ವರದಿ ಬಿಚ್ಚಿಟ್ಟಿತು. ಮುಖ್ಯ ಯೋಜನೆಯೊಂದರಲ್ಲಿ ಗೇಣಿದಾರ ಮಾಲೀಕನ ಸಹಿಯಿಲ್ಲದೆಯೇ ಅರ್ಜಿ ಹಾಕಬಹುದೆಂದು ಮಾಡಲಾಯಿತು. ಆದರೆ 2025ರ ಮಾರ್ಚ್ 11ರಂದು, ಹಣ ಮುಗಿಯಿತೆಂದು ಹೇಳಿ, ಆ ಯೋಜನೆಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ಒಮ್ಮೆಲೇ ನಿಲ್ಲಿಸಿಬಿಟ್ಟರು. ಅಲ್ಲಿಯೂ ಆಗ ಲೇಬರ್ ಸರಕಾರವೇ ಇದ್ದದ್ದು. ಹೆಸರು ನೋಡಿ ಮೋಸಹೋಗಬಾರದು.

ಅಷ್ಟು ದೂರ ಬೇಡವೆಂದರೆ ನೆರೆಯವರನ್ನು ನೋಡಿ. ಒಡಿಶಾ 2018ರ ಕೊನೆಗೆ ಸಾರಿದ ಕಾಲಿಯಾ ಯೋಜನೆಯಲ್ಲಿ ಪಾಲುದಾರರನ್ನೂ ಭೂಮಿಯಿಲ್ಲದ ಕೃಷಿ ಕುಟುಂಬಗಳನ್ನೂ ಸೇರಿಸಿಕೊಂಡಿತು. ತೆಲಂಗಾಣ ಅದೇ ವರ್ಷ ಎಕರೆ ಲೆಕ್ಕದಲ್ಲಿ ರೈತುಬಂಧು ಹಣ ಹಂಚಿ ಗೇಣಿದಾರರನ್ನು ಹೊರಗೆ ನಿಲ್ಲಿಸಿತು. ಆಂಧ್ರ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯಿದೆ ಮಾಡಿತು: ಹನ್ನೊಂದು ತಿಂಗಳ ಕರಾರು, ಸಾಗುವಳಿದಾರನಿಗೊಂದು ಕಾರ್ಡು, ಅದರ ಮೇಲೆ ಬೆಳೆಸಾಲ, ವಿಮೆ, ಪರಿಹಾರ. ಭೂಮಿಯ ಒಡೆತನದ ಮೇಲೆ ಅದರಿಂದ ಯಾವ ಹಕ್ಕೂ ಬರುವುದಿಲ್ಲ. ಅದರ ಊನವೆಂದರೆ ಮಾಲೀಕನ ಸಹಿ ಬೇಕು, ಅವನು ಹಾಕಲೊಲ್ಲ. ಒಳ್ಳೆಯದನ್ನು ತೆಗೆದುಕೊಂಡು ಊನವನ್ನು ಬಿಡುವುದಕ್ಕೆ ನಮಗೆ ಯಾರ ಅಡ್ಡಿ?

ನಾವು ಕೇಳುವುದು ದೊಡ್ಡದಲ್ಲ. ಪ್ರತಿ ಹಂಗಾಮಿನಲ್ಲಿ ಬೆಳೆ ಸಮೀಕ್ಷೆಯವರು ಮೊಬೈಲು ಹಿಡಿದು ಹೊಲಕ್ಕೆ ಬರುತ್ತಾರೆ. ಸರ್ವೇ ನಂಬರು, ಬೆಳೆ, ವಿಸ್ತೀರ್ಣ ಬರೆದುಕೊಂಡು ಚಿತ್ರ ತೆಗೆಯುತ್ತಾರೆ. ಅದೇ ಹೊತ್ತಿಗೆ ಈ ವರ್ಷ ಇದನ್ನು ಸಾಗುವಳಿ ಮಾಡಿದವರು ಯಾರು ಎಂದೂ ಬರೆಯಲಿ. ಗಂಡಸಾಗಲಿ ಹೆಂಗಸಾಗಲಿ, ದುಡಿದವರ ಹೆಸರು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಸುಳ್ಳಿದ್ದರೆ ಊರೇ ಹೇಳುತ್ತದೆ. ಇದು ಒಂದು ವರ್ಷದ ದಾಖಲೆ, ಇದರಿಂದ ಒಡೆತನಕ್ಕೆ ಧಕ್ಕೆಯಿಲ್ಲ ಎಂದು ಕಾಯಿದೆಯಲ್ಲೇ ಒಂದು ಸಾಲು ಸೇರಿಸಲಿ. ಆಗ ಮೂರೆಕರೆಯ ಗಿರಣಿ ಕೆಲಸಗಾರನಿಗೂ ನಿದ್ದೆ ಬರುತ್ತದೆ, ಪಾಲುದಾರನ ಹೆಸರೂ 12ನೆಯ ಕಾಲಮಿಗೆ ಬರುತ್ತದೆ. ಸಮ್ಮಾನದ ಆರು ಸಾವಿರದ ಮಾತನ್ನು ಸದ್ಯಕ್ಕೆ ಬದಿಗಿಡೋಣ, ಅದು ದಿಲ್ಲಿಯ ನಿಯಮ. ಬೆಳೆ ಪರಿಹಾರ, ವಿಮೆ, ಬೆಳೆಸಾಲ, ಬೆಂಬಲ ಬೆಲೆ, ಈ ನಾಲ್ಕಾದರೂ ಬೆಳೆದವನ ಹೆಸರಿಗೆ ಬರಲಿ.

ಕಾಯಿದೆ ಬರುವವರೆಗೆ ಸುಮ್ಮನೆ ಕೂಡಬೇಕಿಲ್ಲ. ಹೊಲ ಪಾಲಿಗೆ ಕೊಟ್ಟ ಬಂಧುಗಳು ಪರಿಹಾರ ಬಂದರೆ, ವಿಮೆ ಬಂದರೆ ಯಾರಿಗೆ ಎಷ್ಟು ಎಂಬುದನ್ನು ಬಿತ್ತುವ ಮುಂಚೆಯೇ ನಾಲ್ಕು ಜನರ ಮುಂದೆ ಮಾತಾಡಿ ಮುಗಿಸಿಕೊಳ್ಳಲಿ. ವಿಮೆ ಮಾಡಿಸಿದ ಹೊಲದಲ್ಲಿ ನೀರು ನಿಂತರೆ 72 ಗಂಟೆಯೊಳಗೆ ತಿಳಿಸಬೇಕು. ಮಾಲೀಕ ಊರಲ್ಲಿಲ್ಲವೆಂದು ಮೂರು ದಿನ ಕಳೆದರೆ ಇಬ್ಬರಿಗೂ ಇಲ್ಲ. ತಹಶೀಲದಾರರಿಗೆ ಕೊಡಬೇಕಾದ ಅರ್ಜಿಯ ಪ್ರತಿಗಳು ಈ ಮೇಜಿನ ಮೇಲಿವೆ. ಓದಲು ಬಾರದವರಿಗೆ ನಮ್ಮವರು ಓದಿ ಹೇಳುತ್ತಾರೆ. ಸಹಿಯೋ ಹೆಬ್ಬೆಟ್ಟೋ ಹಾಕುವ ಮುಂಚೆ ಸರ್ವೇ ನಂಬರು ಸರಿಯಾಗಿದೆಯೇ ಎಂದು ಇನ್ನೊಮ್ಮೆ ಕೇಳಿಕೊಳ್ಳಿ.