ಪೂರ್ಣ ಹಾಜರಾತಿಯ ಬಹುಮಾನ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿ, ವೈದ್ಯರೊಬ್ಬರು ಆಡಿದ ಮಾತುಗಳ ಬರಹರೂಪ)



ಈ ಶಾಲೆ ನನಗೆ ಕೊಟ್ಟ ಒಂದೇ ಒಂದು ಬಹುಮಾನ ಸ್ಟೀಲ್ ಲೋಟ. ಹತ್ತನೇ ತರಗತಿಯಲ್ಲಿ ಒಂದು ದಿನವೂ ತಪ್ಪಿಸದೆ ಬಂದದ್ದಕ್ಕೆ ಕೊಟ್ಟದ್ದು. ಅದರ ಹಿಂದಿನ ಕಥೆಯನ್ನು ಇವತ್ತು ಹೇಳಿಬಿಡುತ್ತೇನೆ.

ಆ ವರ್ಷ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ವಾರ ನನಗೆ ಮಂಗನಬಾವು ಬಂತು. ಅವ್ವ ತನ್ನ ಬಂಗಾರದ ಸರವನ್ನು ನನ್ನ ಕೊರಳಿಗೆ ಹಾಕಿ, "ಮನೇಲಿರು ಮಗಾ" ಅಂದಳು. ಹಾಜರಿ ತಪ್ಪುತ್ತದೆಂದು ಕೆನ್ನೆಗೆ ಟವೆಲ್ ಸುತ್ತಿಕೊಂಡು ಬಂದೆ. ಎರಡೂವರೆ ವಾರ ಕಳೆದು ಪಬ್ಲಿಕ್ ಪರೀಕ್ಷೆ ಶುರುವಾದಾಗ ನನ್ನ ಬೆಂಚಿನ ಗೆಳೆಯನ ಕೆನ್ನೆ ಊದಿತು. ಸುಡುವ ಜ್ವರದಲ್ಲಿ ಗಣಿತ ಬರೆದು ಫೇಲಾದ. ಮತ್ತೆ ಕಟ್ಟಿ ಪಾಸಾಗುವಷ್ಟರಲ್ಲಿ ಆ ವರ್ಷದ ಕಾಲೇಜು ತಪ್ಪಿತು. ಅವನು ಹೊಲಕ್ಕಿಳಿದ; ನಾನು ಕಾಲೇಜಿಗೆ ಹೋದೆ.

ಮಂಗನಬಾವು, ಕೆನ್ನೆ ಊದುವ ಒಂದೆರಡು ದಿನ ಮೊದಲೇ ಹರಡತೊಡಗುತ್ತದೆ. ಅದು ನನ್ನ ಕೈಲಿರಲಿಲ್ಲ. ಊದಿದ ಮೇಲಿನ 5 ದಿನ ಮನೆಯಲ್ಲಿರುವುದು ನನ್ನ ಕೈಲಿತ್ತು.

ಹಾಗಾದರೆ ಮಗುವನ್ನು ಯಾವಾಗ ನಿಲ್ಲಿಸಿಕೊಳ್ಳಬೇಕು? ಜ್ವರವಿದ್ದರೆ, ಮಾತ್ರೆಯಿಲ್ಲದೆಯೇ 24 ಗಂಟೆ ಮೈ ತಣ್ಣಗಿರುವವರೆಗೆ. ಬೆಳಿಗ್ಗೆ ಪ್ಯಾರಾಸಿಟಮಾಲ್ ನುಂಗಿಸಿ ಕಳಿಸಿದರೆ ಬಿಸಿಯೂಟದ ಹೊತ್ತಿಗೆ ಮೈ ಮತ್ತೆ ಕಾಯುತ್ತದೆ. ಮಾತ್ರೆ ಜ್ವರ ಇಳಿಸುತ್ತದೆ, ರೋಗ ಹರಡುವುದನ್ನು ತಡೆಯುವುದಿಲ್ಲ. ವಾಂತಿ ಭೇದಿಯಾದರೆ, ನಿಂತ ಮೇಲೂ ಒಂದು ದಿನ; ಅಡುಗೆ ಮಾಡುವ ತಾಯಂದಿರು ಎರಡು ದಿನ. ದಡಾರವಾದರೆ ಗುಳ್ಳೆ ಕಂಡ ಮೇಲೆ 4 ದಿನ. ಸೀತಾಳೆ ಸಿಡುಬಾದರೆ, ನಾವು ಅಮ್ಮ ಅನ್ನುತ್ತೇವಲ್ಲ, ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ. ಬರೀ ನೆಗಡಿ, ಜ್ವರವಿಲ್ಲ, ಮಗು ಉಂಡು ಆಡುತ್ತಿದೆ ಎಂದರೆ ಕರವಸ್ತ್ರ ಕೊಟ್ಟು ಕಳಿಸಿ. ಉಸಿರಾಟಕ್ಕೆ ಕಷ್ಟಪಡುವ, ನೀರೂ ಕುಡಿಯದ ಮಗುವನ್ನು ಮನೆಯಲ್ಲೂ ಇಟ್ಟುಕೊಳ್ಳಬೇಡಿ, ಆಸ್ಪತ್ರೆಗೆ ತನ್ನಿ.

ಮಗು ಮನೆಯಲ್ಲುಳಿದರೆ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ, ಗೊತ್ತು. ಆ ದಿನ ಅಕ್ಕಪಕ್ಕದವರು ಒಂದು ಕಣ್ಣಿಟ್ಟರೆ ಆ ತಾಯಿಗೆ ದೊಡ್ಡ ಉಪಕಾರ. ತಪ್ಪಿದ ಪಾಠದ ನೋಟ್ಸನ್ನು ಗೆಳೆಯರು ಕೊಡಲಿ.

ಗುರುಗಳಲ್ಲಿ ಒಂದು ವಿನಂತಿ. ಎಸ್ಸೆಸ್ಸೆಲ್ಸಿಗೆ ಕೂರಲು ಶೇ. 75 ಹಾಜರಾತಿ ಬೇಕು. ನೂರಕ್ಕೆ ನೂರನ್ನು ಯಾರೂ ಕೇಳಿಲ್ಲ. ಪೂರ್ಣ ಹಾಜರಾತಿಯ ಬಹುಮಾನವನ್ನು ಈ ವರ್ಷದಿಂದ ಕೈಬಿಡಿ. ಮಕ್ಕಳು ಹುಷಾರಿಲ್ಲವೆಂದಾಗ ಗದರದೆ ನಂಬಿ. ನೀವೂ ಜ್ವರದಲ್ಲಿ ಬರಬೇಡಿ.

ಆ ಗೆಳೆಯ ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾನೆ. ಅವನ ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವನು ಆ ಮಾತೆತ್ತಿಲ್ಲ. ಅದಕ್ಕೇ ನಾನು ಎತ್ತಿದೆ. ತಪ್ಪಾಯಿತು ಕಣೋ.