ಮೊಬೈಲ್ ಟವರೂ ನಮ್ಮ ಆರೋಗ್ಯವೂ



ಮೊನ್ನೆ ತಿಪಟೂರು ಕಡೆಯ ರೈತರೊಬ್ಬರು ಬಂದಿದ್ದರು. “ಸ್ವಾಮಿ, ನಮ್ಮ ತೋಟದ ಬದುವಿನಾಚೆ ಟವರ್ ಎದ್ದ ಮೇಲೆ ತೆಂಗಿನಲ್ಲಿ ಹರಳು ನಿಲ್ತಾ ಇಲ್ಲ. ಮನೇಲಿ ಸೊಸೆ ಬಸುರಿ. ಅವಳನ್ನ ತೌರಿಗೆ ಕಳಿಸಿಬಿಡಲೇ?” ಅಂತ ಕೇಳಿದರು. ಈ ದಿಗಿಲು ಅವರೊಬ್ಬರದೇ ಅಲ್ಲ. ಇವತ್ತು ಅದನ್ನೇ ಮಾತಾಡೋಣ.

ಟವರಿನಿಂದ ಹೊರಡುವುದೂ, ಆಕಾಶವಾಣಿಯ ಮಾತನ್ನು ನಿಮ್ಮ ಮನೆಗೆ ಹೊತ್ತು ತರುವುದೂ ಒಂದೇ ಜಾತಿಯ ರೇಡಿಯೋ ತರಂಗಗಳು. ಕ್ಷ-ಕಿರಣದ ಹಾಗೆ ದೇಹದ ಅಣುಗಳನ್ನು ಒಡೆಯುವ ಕಸುವು ಇವಕ್ಕಿಲ್ಲ. ಬಹಳ ಜೋರಾದರೆ ಬಿಸಿ ಮಾಡುತ್ತವೆ, ಅಷ್ಟೆ. ಅದಕ್ಕೇ ಮಿತಿ ಕಟ್ಟಿದ್ದಾರೆ. 2012ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಟವರುಗಳ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿತು. ಕೈಫೋನಿಗೆ ಮಿತಿ ಕಿಲೋಗ್ರಾಮಿಗೆ 1.6 ವಾಟ್. ನಿಮ್ಮ ಫೋನಿನಲ್ಲಿ ನಕ್ಷತ್ರ, ಹ್ಯಾಷ್, ಸೊನ್ನೆ, ಏಳು, ಹ್ಯಾಷ್ ಒತ್ತಿ ನೋಡಿ, ಅದರ ಅಂಕಿ ಕಾಣುತ್ತದೆ.

ಕ್ಯಾನ್ಸರ್ ಬರುತ್ತದಂತಲ್ಲ ಅನ್ನುತ್ತೀರಿ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ‘ತಂದರೂ ತರಬಹುದು’ ಎಂಬ ಪಟ್ಟಿಗೆ ಸೇರಿಸಿದ್ದು ನಿಜ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ! 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಫೋನಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಇನ್ನೊಂದು ಮಾತು. ಟವರಿನ ಆಂಟೆನಾ ತರಂಗವನ್ನು ದೂರಕ್ಕೆ ಹಾಯಿಸುತ್ತದೆ, ಬುಡಕ್ಕೆ ಬೀಳುವುದು ಕಡಮೆ. ದೀಪದ ಬುಡ ಕತ್ತಲೆ ಅಂತೀರಲ್ಲ, ಹಾಗೆ. ನಮ್ಮ ಮೈಗೆ ಹೆಚ್ಚಾಗಿ ತಾಕುವುದು ಕಿವಿಗೆ ಒತ್ತಿಕೊಂಡ ಫೋನಿನದೇ. ಆಚೆ ಹೊಲದವನನ್ನು ಕರೆಯಬೇಕಾದರೆ ನೀವು ಗಂಟಲೆತ್ತಿ ಕೂಗುವುದಿಲ್ಲವೆ? ಟವರ್ ದೂರವಾದಷ್ಟೂ ಫೋನೂ ಹಾಗೇ ಜೋರಾಗಿ ಕೂಗಬೇಕು. ಟವರನ್ನು ಊರಿನಿಂದ ಓಡಿಸಿದರೆ ಕಿವಿಯ ಪಕ್ಕದ ತರಂಗವೇ ಹೆಚ್ಚುತ್ತದೆ! ಸಿಗ್ನಲ್ ಕಡಮೆಯಿರುವ ಕಡೆ ಮಾತು ಚುಟುಕಾಗಿರಲಿ. ಉದ್ದದ ಮಾತಾದರೆ ಸ್ಪೀಕರ್ ಹಾಕಿ ಫೋನನ್ನು ದೂರ ಇಡಿ. ರಾತ್ರಿ ದಿಂಬಿನ ಕೆಳಗೆ ಬೇಡ, ನಿದ್ದೆಯಾದರೂ ಉಳಿಯುತ್ತದೆ.

ಇನ್ನು ತೆಂಗು. ತೆಂಗಿನ ನುಸಿ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಬೇಗನೆ ನಮ್ಮ ತೋಟಗಳಿಗೂ ಬಂತು. ಮೊಬೈಲು ಹಬ್ಬಿದ್ದೂ ಅದೇ ಕಾಲದಲ್ಲಿ. ತಪ್ಪನ್ನು ಟವರಿನ ತಲೆಗೆ ಕಟ್ಟಿದೆವು. ಎಳೆಕಾಯಿಯ ತೊಟ್ಟಿನ ಕೆಳಗೆ ಬಿಳಿಚಿದ ಮುಕ್ಕೋನ ಮಚ್ಚೆ ಇದ್ದು, ಆಮೇಲೆ ಕಂದಾಗಿ ಬಿರುಕು ಬಿಟ್ಟರೆ ಅದು ನುಸಿ. ಮಚ್ಚೆಯಿಲ್ಲದೆ ಹರಳು ಉದುರಿದರೆ ನೀರಿನ ಕೊರತೆ, ಬೋರಾನ್ ಕೊರತೆ ಇತ್ಯಾದಿ ನೋಡಬೇಕು. ಟವರನ್ನು ಬೈಯುತ್ತ ಕೂತರೆ ಮುಂದಿನ ಗೊನೆಯೂ ಹೋದೀತು.

ಫೋನಿನಿಂದ ಅಪಾಯವೇ ಇಲ್ಲ ಅಂತಲ್ಲ, ಅದು ಬೇರೆ ಕಡೆ ಇದೆ. ಔಷಧಿ ಹೊಡೆಯುತ್ತಿರುವಾಗ ಗಂಟೆ ಬಾರಿಸಿತೆಂದು ಅದೇ ಕೈಯಲ್ಲಿ ಫೋನು ತೆಗೆದು ಕಿವಿ ಬಾಯಿಗೆ ಹಿಡಿಯುತ್ತೇವೆ. ಸಂಜೆ ಅದೇ ಫೋನು ಮಗುವಿನ ಕೈಯಲ್ಲಿ! ವಿಷ ಹೋಗುವುದು ಹೀಗೆ. ಸಿಂಪರಣೆಯ ದಿನ ಫೋನು ಮನೆಯಲ್ಲೇ ಇರಲಿ. ಟ್ರ್ಯಾಕ್ಟರ್ ಮೇಲೆ, ಬೈಕಿನ ಮೇಲೆ ಕತ್ತು ಓರೆ ಮಾಡಿ ಮಾತಾಡುವವರಿಗೆ ಏನು ಹೇಳಲಿ, ನಿಲ್ಲಿಸಿ ಮಾತಾಡಿ.

ಟವರಿನ ತರಂಗ ಅಳೆಸಲೇಬೇಕು ಅನ್ನುವವರು ಶುಲ್ಕ ಕಟ್ಟಿ ದೂರಸಂಪರ್ಕ ಇಲಾಖೆಗೆ ಅರ್ಜಿ ಹಾಕಬಹುದು. ಸೊಸೆಯನ್ನು ಟವರಿಗೆ ಹೆದರಿ ಕಳಿಸುವುದು ಬೇಡ, ತಿಂಗಳ ತಪಾಸಣೆ ಮಾತ್ರ ತಪ್ಪಿಸಬೇಡಿ ಅಂದೆ. ಉದುರಿದ ನಾಲ್ಕು ಹರಳು ತರಲು ಹೇಳಿ ಕಳಿಸಿದ್ದೇನೆ.