ಹರಿದ ಆಸನ, ಗಟ್ಟಿ ಚೌಕಟ್ಟು



ಬೆತ್ತದ ಆಸನ ಹರಿದರೆ ಕುರ್ಚಿಯನ್ನೇ ಹೊರಗಿಡುವ ರೂಢಿ ಎಲ್ಲೆಡೆ ಬಂದಿದೆ. ಸಿಯಾಟಲ್ ಸುತ್ತಲಿನ ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲಿ ಮನೆ ಮಾಡಿರುವ ನಾವೂ ಅದಕ್ಕೆ ಹೊರತಲ್ಲ. ಆದರೆ ಸವೆದಿರುವುದು ಹೆಣಿಗೆ ಮಾತ್ರ. ಮರದ ಚೌಕಟ್ಟು ಇನ್ನೂ ಗಟ್ಟಿಯಾಗಿರುತ್ತದೆ.

ಮತ್ತೆ ಹೆಣೆಯುವ ಕ್ರಮ ನೋಡಿ. ಬೆತ್ತದ ಹೊರಸಿಪ್ಪೆಯನ್ನು ಸೀಳಿದ ಪಟ್ಟಿಗಳನ್ನು ನೀರಲ್ಲಿ ನೆನೆಸುತ್ತಾರೆ. ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ ಉದ್ದಕ್ಕೆ 2 ಸಲ, ಅಡ್ಡಕ್ಕೆ 2 ಸಲ, ಓರೆಯಾಗಿ 2 ಸಲ ಎಳೆಯುತ್ತಾರೆ. 7ನೆಯ ಹಂತದಲ್ಲಿ ಅಂಚು ಕಟ್ಟುತ್ತಾರೆ. ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಒದ್ದೆಯಾದ ಪಟ್ಟಿ ಒಣಗುತ್ತಾ ಬಿಗಿಯಾಗುತ್ತದೆ. ಒಂದೇ ಪಟ್ಟಿ ಯಾರ ಭಾರವನ್ನೂ ಹೊರಲಾರದು. ಮೇಲೆ ಕೆಳಗೆ ಹಾಯ್ದ ಪಟ್ಟಿಗಳೆಲ್ಲ ಸೇರಿ ಹೊರುತ್ತವೆ.

ಸಿಯಾಟಲ್ ಸುತ್ತಲಿನ ಈ ನೆಲಕ್ಕೂ ಹೆಣಿಗೆ ಹೊಸದಲ್ಲ. ಇಲ್ಲಿನ ಮೂಲನಿವಾಸಿಗಳಾದ ಕೋಸ್ಟ್ ಸೇಲಿಶ್ ಜನ ಜೌಗಿನಲ್ಲಿ ಬೆಳೆಯುವ ಆಪು ಹುಲ್ಲಿನಿಂದ ಚಾಪೆ ಮಾಡುತ್ತಿದ್ದರು. ಅದೇ ಜಾತಿಯ ಹುಲ್ಲಿನ ಎಲೆಯನ್ನು ಹುರಿ ಮಾಡಿ ಕುರ್ಚಿಯ ಆಸನವನ್ನೂ ಹೆಣೆಯುವುದುಂಟು. ನಮ್ಮ ನಾಡಿನಲ್ಲಿ ಮೇದರು ಬಿದಿರು, ಬೆತ್ತಗಳನ್ನು ನಂಬಿ ಬಾಳಿದವರು. ಭಾರತದ ಸರ್ಕಾರಿ ಕಚೇರಿಗಳ ಎಷ್ಟೋ ಕುರ್ಚಿಗಳನ್ನು ದೃಷ್ಟಿಯಿಲ್ಲದವರು ಬೆರಳ ಸ್ಪರ್ಶದಿಂದಲೇ ಹೆಣೆದಿದ್ದಾರೆ. ಇಂಥ ಕೈಗಳಿಗೆ ಕೆಲಸ ಸಿಗಬೇಕಾದರೆ ನಾವು ದುರಸ್ತಿಗೆ ಮನಸ್ಸು ಮಾಡಬೇಕು.

ಆಸನ ಬರೀ ಜೋತುಬಿದ್ದಿದ್ದರೆ ತಳಭಾಗಕ್ಕೆ ಒದ್ದೆ ಬಟ್ಟೆ ಒತ್ತಿ, ಪೂರ್ತಿ ಒಣಗಲು ಬಿಡಿ, ಅದು ಬಿಗಿಯಾಗುತ್ತದೆ. ಹರಿದಿದ್ದರೆ ಹೆಣೆಯುವವರನ್ನು ಹುಡುಕಿ, ಇಲ್ಲವೇ ನೀವೇ ಕಲಿಯಿರಿ. ಯಾವುದನ್ನೇ ಕೈಬಿಡುವ ಮುನ್ನ ಕೆಟ್ಟಿದ್ದೆಷ್ಟು, ಉಳಿದಿದ್ದೆಷ್ಟು ಎಂದು ನೋಡುವ ತಾಳ್ಮೆ ನಮ್ಮದಾಗಲಿ. ವಸ್ತುಗಳಿಗೆ ಸಲ್ಲುವ ಈ ಮಾತು ಮನುಷ್ಯ ಸಂಬಂಧಗಳಿಗೂ ಸಲ್ಲುತ್ತದೆ.